ಅಕ್ಕಪಕ್ಕ ನೋಡಿ ಎತ್ತಿದ ಕೈ

ಅರವತ್ತರ ದಶಕದ ಆರಂಭದಲ್ಲಿ ನಾನು ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ನಮ್ಮ ಚಾಳಿನ ಹತ್ತು ಮನೆಗಳಿಗೆ ಒಂದೇ ನಳವಿತ್ತು. ಪಕ್ಕದ ಮನೆಯಾತನಿಗೆ ಕ್ಷಯವೆಂದು ತಿಳಿದ ಮೇಲೆ, ಆ ಮನೆಯವರು ನಳ ಮುಟ್ಟಬಾರದೆಂದು ನಿರ್ಧರಿಸಲು ಗಂಡಸರೆಲ್ಲ ಸೇರಿದೆವು. ಹಿಂದೆ ನಾನು ಜ್ವರದಿಂದ ಮಲಗಿದ್ದಾಗ ಆತನ ಹೆಂಡತಿಯೇ ವಾರವಿಡೀ ಗಂಜಿ ತಂದುಕೊಟ್ಟಿದ್ದಳು. ಬೇಡವೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮೂರ್ನಾಲ್ಕು ಕೈಗಳು ಮೇಲೆದ್ದವು. ಎಂದಿನಂತೆ ಅಕ್ಕಪಕ್ಕ ನೋಡಿ ನನ್ನದನ್ನೂ ಎತ್ತಿದೆ.

ಮರುದಿನ ಕೊಡ ಹಿಡಿದು ಕಾಳಿ ನದಿಗೆ ಹೊರಟಿದ್ದ ಆಕೆ ನನ್ನ ಬಾಗಿಲಲ್ಲಿ ನಿಂತಳು.

"ಅಣ್ಣಾ, ನೀವೂ ಕೈ ಎತ್ತಿದ್ರಂತ, ಹೌದೇನ್ರಿ?"

"ಎಲ್ಲಾರೂ ಕೂಡಿ ಮಾಡಿದ್ದವ್ವಾ, ನಾ ಒಬ್ಬಾಂವ ಏನ್ ಮಾಡ್ಲಿ?" ಎಂದೆ.

ಆಕೆ ಕೊಡವನ್ನು ಸೊಂಟಕ್ಕೇರಿಸಿ ನದಿಯ ಕಡೆ ನಡೆದಳು.

ಕೆಲವು ದಿನಗಳ ನಂತರ ಎದುರು ಮನೆಯಾತ ನನ್ನ ಬಳಿ ಬಂದು ಪಿಸುಗುಟ್ಟಿದ: "ನೀವು ಬ್ಯಾಡ ಅಂತೀರಿ ಅಂತ ಕಾದಿದ್ದೆರಿ. ನೀವ ಕೈ ಎತ್ತಿದ ಮ್ಯಾಲೆ ನಾನೂ ಎತ್ತಿದೆ."

ಆತನನ್ನು ಕಂಡು ಹೇಸಿಕೆಯಾಯಿತು. ಅದಕ್ಕಿಂತ ಹೆಚ್ಚು ನನ್ನ ಮೇಲೆಯೇ ಹೇಸಿಕೆಯಾಯಿತು. ಆಮೇಲೆ ಎಷ್ಟೋ ಸಭೆಗಳಲ್ಲಿ ಕುಳಿತಿದ್ದೇನೆ. ಅಭಿಪ್ರಾಯ ಕೇಳಿದಾಗ ನನ್ನ ಕಣ್ಣು ಇಂದಿಗೂ ಮೊದಲು ಬೇರೆಯವರ ಕಡೆಗೇ ಹೊರಳುತ್ತದೆ. ಹೇಸಿಕೆ ಹೋಗಿಲ್ಲ, ಚಟವೂ ಬಿಟ್ಟಿಲ್ಲ.