ಕಾಣೆಯಾದ ಐವತ್ತಾರನೆಯ ಪುಟ

ಹಿಟ್ಟಕ್ಕನನ್ನು ನಾನು ಮೊದಲು ನೋಡಿದ್ದು ಮಾರ್ಚ್ ಮೊದಲ ವಾರದ ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ. ಗ್ರಂಥಾಲಯದಲ್ಲಿ ಸಹಾಯಕನಾಗಿ ಸೇರಿ ನನಗೆ ಮೂರು ವಾರವಾಗಿತ್ತು. ನಮ್ಮ ಮನೆಯಲ್ಲಿ ಪದವಿ ಮುಗಿಸಿದವನು ನಾನೇ ಮೊದಲಿಗ. ಹಳ್ಳಿಯಿಂದ ಬಂದ ನನಗೆ ಆ ಕೆಲಸ ಎಷ್ಟು ದೊಡ್ಡದಾಗಿ ಕಂಡಿತ್ತೆಂದರೆ, ಕಪಾಟಿನಲ್ಲಿ ಒಂದು ಪುಸ್ತಕ ಓರೆಯಾಗಿ ನಿಂತಿದ್ದರೂ ಸಮಾಧಾನವಿರುತ್ತಿರಲಿಲ್ಲ. ಅವರು ಬಾಗಿಲ ಬಳಿಯ ಕಾಲೊರಸಿನ ಮೇಲೆ ಎರಡು ಸಲ ಕಾಲೊರೆಸಿ ನೇರವಾಗಿ ನನ್ನ ಮೇಜಿಗೆ ಬಂದರು. ವಯಸ್ಸು ನಲವತ್ತೈದರ ಆಸುಪಾಸು. ಕುರ್ತಾದ ತೋಳನ್ನು ಮೊಣಕೈವರೆಗೆ ಮಡಿಚಿದ್ದರು. ಹುಬ್ಬಿನ ಮೇಲೂ ಮೈದಾ ಹಿಟ್ಟು; ಹಿಟ್ಟಕ್ಕ ಎಂದು ನಾನು ಹೆಸರಿಟ್ಟಿದ್ದು ಅದಕ್ಕೇ.

"ತಮ್ಮಾ, ಪೈ ಅಂತ ಒಂದು ಸಂಖ್ಯೆ ಇದೆಯಂತಲ್ಲ, ಅದರ ಪುಸ್ತಕ ಕೊಡು."

"ಮಕ್ಕಳಿಗಾ?"

"ಯಾಕೆ, ನಾನು ಓದಬಾರದಾ?"

ಕಾರ್ಡ್ ಕೇಳಿದೆ. ಇತ್ತು, ಹಿಂದಿನ ವಾರವಷ್ಟೇ ಮಾಡಿಸಿದ್ದು. ಹಿಂದಿನ ಬೀದಿಯ ಬೇಕರಿಯ ವಿಳಾಸ. ವೃತ್ತದ ಬಗೆಗಿನ ಹಳೆಯ ಪುಸ್ತಕವೊಂದನ್ನು ತೆಗೆದುಕೊಟ್ಟೆ. ಅದನ್ನು ಮನೆಗೆ ಒಯ್ಯುವಂತಿಲ್ಲ, ಅಲ್ಲೇ ಕೂತು ಓದಬೇಕು ಎಂದೆ.

ಅವರು ಕಿಟಕಿಯ ಪಕ್ಕ ಕೂತರು. ಅರ್ಧ ಗಂಟೆ ಒಂದೇ ಪುಟ. ಹಾಳೆಯನ್ನು ಮುಂದೆ ತಿರುಗಿಸುವರು, ಮತ್ತೆ ಹಿಂದೆ ತಿರುಗಿಸುವರು. ನಡುನಡುವೆ ಕದ್ದು ನನ್ನ ಕಡೆ ನೋಡುವರು; ನಾನು ನೋಡಿದರೆ ತಲೆ ತಗ್ಗಿಸುವರು. ಹೊರಡುವ ಮೊದಲು ಜೇಬಿನಿಂದ ದಾರ ತೆಗೆದು, ಮೇಜಿನ ಮೇಲಿದ್ದ ಗಾಜಿನ ಲೋಟದ ಸುತ್ತ ಸುತ್ತಿ, ಹಲ್ಲಿನಿಂದ ಕಡಿದು ಜೇಬಿಗೆ ಹಾಕಿಕೊಂಡರು. ನಾಲ್ಕು ದಿನವೂ ಇದೇ ಕಥೆ. ನನ್ನ ಮೈಯೆಲ್ಲ ಕಣ್ಣಾಯಿತು.

ಆ ತಿಂಗಳು ನಮ್ಮಲ್ಲೊಂದು ಕಾರ್ಯಕ್ರಮವಿತ್ತು. ಪೈ ಶುರುವಾಗುವುದು ಮೂರು, ಬಿಂದು, ಒಂದು, ನಾಲ್ಕು ಎಂದು. ಅದಕ್ಕೇ ಮೂರನೆಯ ತಿಂಗಳ ಹದಿನಾಲ್ಕನೆಯ ದಿನ ಸಂಜೆ ಸದಸ್ಯರೆಲ್ಲ ಸೇರಿ ಗಣಿತದ ಪುಸ್ತಕಗಳಿಂದ ಒಂದೊಂದು ಪುಟ ಗಟ್ಟಿಯಾಗಿ ಓದುವುದು, ಆಮೇಲೆ ದೊಡ್ಡದೊಂದು ದುಂಡು ಕೇಕ್ ಕತ್ತರಿಸುವುದು ಎಂದು ನಮ್ಮ ಮೇಡಂ, ಅಂದರೆ ಗ್ರಂಥಪಾಲಕಿ, ತೀರ್ಮಾನಿಸಿದ್ದರು. ಕೇಕಿನ ಅಂಚಿಗೆ ಪೈಯ ನಲವತ್ತು ಅಂಕಿಗಳು. ಕೇಕ್ ಮಾಡುವ ಕೆಲಸ ಹಿಟ್ಟಕ್ಕನದು. ಅಂಕಿಗಳನ್ನು ಮೇಡಂ ಚೀಟಿಯಲ್ಲಿ ಬರೆದೇ ಕೊಟ್ಟಿದ್ದರು. ಹಾಗಿದ್ದಮೇಲೆ ಈ ಪುಸ್ತಕದ ಹಿಂದೆ ಯಾಕೆ ಬಿದ್ದಿದ್ದಾರೆ?

ನಾಲ್ಕನೆಯ ದಿನ ಅವರು ಹೋದಮೇಲೆ ಪುಸ್ತಕ ತೆರೆದು ನೋಡಿದೆ. ಐವತ್ತೈದನೆಯ ಪುಟದ ಕೊನೆಯಲ್ಲಿ "ಮುಂದಿನ ಎರಡು ಪುಟಗಳಲ್ಲಿ ಪೈಯ ಮೊದಲ ಇನ್ನೂರು ಅಂಕಿಗಳಿವೆ" ಎಂದಿತ್ತು. ಹಾಳೆ ತಿರುಗಿಸಿದರೆ ಐವತ್ತೆಂಟು! ಓಡಿ ಹೋಗಿ ಮೇಡಂಗೆ ಹೇಳಿದೆ.

"ಚಾಕು ಹಿಡಿಯೋ ಕೈ, ನೀಟಾಗಿ ಕತ್ತರಿಸಿದ್ದಾಳೆ," ಎಂದರು ಅವರು. "ನಾಳೆ ಬರಲಿ. ಕಾರ್ಡ್ ರದ್ದು ಮಾಡ್ತೀನಿ. ಕೇಕೂ ಬೇರೆ ಕಡೆ ಹೇಳಿದ್ರಾಯ್ತು."

ಮರುದಿನ ಹಿಟ್ಟಕ್ಕ ಬಂದು ಕೂರುವ ಮೊದಲೇ ಮೇಡಂ ಪುಸ್ತಕ ಹಿಡಿದು ಎದುರು ನಿಂತರು. "ಎರಡು ಪುಟ ಇಲ್ಲ. ಎಲ್ಲಿಟ್ಟಿದ್ದೀರಿ? ಮೊದಲು ಕಾರ್ಡ್ ಕೊಡಿ ಇಲ್ಲಿ."

ಹಿಟ್ಟಕ್ಕನ ಮುಖ ಕೆಂಪಾಯಿತು. "ನಾನಾ? ನಾಲ್ಕು ದಿನದಿಂದ ನಾನೇ ಹುಡುಕ್ತಾ ಇದ್ದೀನಿ! ನೀವೇ ಕಿತ್ತಿಟ್ಟಿದ್ದೀರಿ ಅಂದ್ಕೊಂಡಿದ್ದೆ."

"ನಾವ್ಯಾಕೆ ಕೀಳ್ತೀವಿ?"

"ಚೀಟೀಲಿ ತಪ್ಪಿದ್ರೆ ಯಾರಿಗೂ ಗೊತ್ತಾಗಬಾರದು ಅಂತ. ಕ್ರೀಮಲ್ಲಿ ಬರೆಯೋಳು ನಾನು. ಜನ ನಗೋದು ಚೀಟಿ ನೋಡಿ ಅಲ್ಲ, ನನ್ನ ನೋಡಿ."

"ಮತ್ತೆ ಆ ದಾರ ಯಾತಕ್ಕೆ?" ಎಂದು ನಾನು ಬಾಯಿ ಹಾಕಿದೆ.

"ಕೇಕಿನ ಟಿನ್ನಿನ ಒಳಗಡೆ ಸುತ್ತಲೂ ಬಟರ್ ಪೇಪರ್ ಹಾಕ್ತೀವಲ್ಲ, ಅದನ್ನ ಟಿನ್ನಿನ ಅಗಲದ ಮೂರರಷ್ಟು ಕತ್ತರಿಸಿದ್ರೆ ಸಾಲಲ್ಲ, ಒಂಚೂರು ಜಾಸ್ತಿ ಬೇಕು. ಇಪ್ಪತ್ತು ವರ್ಷದಿಂದ ಆ ಒಂಚೂರು ಎಷ್ಟು ಅಂತ ತಲೆ ಕೊರೀತಿತ್ತು. ಲೋಟಕ್ಕೂ ಅಷ್ಟೇನಾ ಅಂತ ದಾರದಲ್ಲಿ ಅಳೆದು ನೋಡ್ತಿದ್ದೆ. ಅದಕ್ಕೂ ಒಂದು ಹೆಸರಿದೆ, ಇಲ್ಲಿ ಪುಸ್ತಕಾನೂ ಇದೆ ಅಂತ ನಿಮ್ಮ ಮೇಡಂ ಬಾಯಿಂದಲೇ ಕೇಳಿದ್ದು." ಮೇಡಂ ಕೈ ಚಾಚಿದರೂ ಅವರು ಕಾರ್ಡನ್ನು ಮುಷ್ಟಿಯಲ್ಲಿ ಬಿಗಿಹಿಡಿದರು. "ಇದು ಕೊಡಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಡಿಸಿದ್ರು. ಓದೋಕೆ ಬಾ ಅಂತ ನನ್ನ ಹೆಸರು ಬರೆದು ಯಾರಾದ್ರೂ ಕೊಟ್ಟಿದ್ದು ಇದೊಂದೇ."

ಆಮೇಲೆ ಹಿಟ್ಟಕ್ಕ ಮೇಡಂ ಕೈಯಿಂದಲೇ ಪುಸ್ತಕ ಕಿತ್ತುಕೊಂಡು ನೋಡತೊಡಗಿದರು. ಇದ್ದಕ್ಕಿದ್ದಂತೆ ಅವರ ಬೆರಳು ನಿಂತಿತು.

"ತಮ್ಮಾ, ಐವತ್ತಾರು ಇರೋದು ಐವತ್ತೈದರ ಬೆನ್ನಿಗೇ ಅಲ್ವಾ? ಅದನ್ನ ಕತ್ತರಿಸಿದ್ರೆ ಇದೂ ಹೋಗಬೇಕಿತ್ತು. ಇದು ಇಲ್ಲೇ ಕೂತಿದೆಯಲ್ಲ! ಅಯ್ಯೋ, ಇಷ್ಟು ದಿನ ನಿಮ್ಮ ಮುಖ ನೋಡೋದರಲ್ಲೇ ಕಳೆದೆ, ಹಾಳೆ ನೋಡಲೇ ಇಲ್ಲ."

ಲಟ್ಟಿಸಿದ ಹಿಟ್ಟಿನ ಹದ ನೋಡುವವರಂತೆ ಹಾಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿದರು. "ಎರಡು ಹಾಳೆ ದಪ್ಪ ಇದೆ." ಮೂಸಿದರು. "ಮೈದಾ ಅಂಟು. ಬೇಯಿಸಿದ್ದು ಸಾಲದು, ಹಚ್ಚಿದ್ದು ಮಾತ್ರ ಧಾರಾಳ. ಯಾರು ಈ ಪುಣ್ಯಾತ್ಮ?"

ಸೇರಿದ ಮೊದಲ ವಾರ ಆ ಪುಸ್ತಕದ ಹರಿದ ಅಂಚಿಗೆ ಅಂಟು ಹಚ್ಚಿ, ಆರಲು ಬಿಡದೆ ಮುಚ್ಚಿ, ಮೇಲೆ ನಿಘಂಟು ಹೇರಿಟ್ಟಿದ್ದವನು ನಾನೇ.

"ನಾನೇ, ಅಕ್ಕಾ."

"ಚೆನ್ನಾಗಿದೆ! ಗೋಡೆಗೆ ಪೋಸ್ಟರ್ ಅಂಟಿಸಿದ ಹಾಗೆ ಅಂಟಿಸಿ, ನನ್ನ ಕಳ್ಳಿ ಮಾಡಿದ್ಯಲ್ಲೋ!"

ಹಿಂದಿನ ಕೋಣೆಯಲ್ಲಿ ಚಹಾದ ಕೆಟಲ್ ಇತ್ತು. ಅದರ ಹಬೆಗೆ ಹಾಳೆ ಹಿಡಿದು, ಚಮಚದ ಹಿಡಿಯನ್ನು ನಡುವೆ ತೂರಿಸಿ, ಗುಲಗಂಜಿಯಷ್ಟೂ ಹರಿಯದಂತೆ ಬಿಡಿಸಿದರು. ಐವತ್ತಾರು, ಐವತ್ತೇಳು. ಎರಡರ ತುಂಬ ಅಂಕಿಗಳು. ಪಕ್ಕದಲ್ಲಿ ಚೀಟಿ ಇಟ್ಟು ಒಂದೊಂದಾಗಿ ತಾಳೆ ನೋಡಿದೆವು. ಇಪ್ಪತ್ತನೆಯ ಅಂಕಿ ದಾಟಿದ ಮೇಲೆ ಒಂದು ಅಂಕಿ ಬಿಟ್ಟುಹೋಗಿತ್ತು. ಮೇಡಂ ಚೀಟಿಯನ್ನು ನಾಲ್ಕು ಚೂರು ಮಾಡಿದರು. ಕಾರ್ಡಿನ ಮಾತೂ ಮತ್ತೆ ಎತ್ತಲಿಲ್ಲ. ಕ್ಷಮೆ ಕೇಳಿದವನು ನಾನೊಬ್ಬನೇ.

ಹದಿನಾಲ್ಕರ ಸಂಜೆ ಮೂವತ್ತು ಜನ ಸೇರಿದ್ದರು. ಕೇಕಿನ ಅಂಚಿನಲ್ಲಿ ನಲವತ್ತು ಅಂಕಿ ಸಾಲಾಗಿ ಕೂತಿದ್ದವು. ಓದುವ ಸರದಿ ಬಂದಾಗ ಹಿಟ್ಟಕ್ಕ ಹಬೆಗೆ ಸುಕ್ಕುಗಟ್ಟಿದ ಪುಟ ತೆರೆದು ಇನ್ನೂರು ಅಂಕಿಗಳನ್ನೂ ಓದಿದರು. ಮುಂದಿನ ಸಾಲಿನ ಗಣಿತದ ಮೇಷ್ಟ್ರಿಗೆ ನಂಬಿಕೆಯಿರಲಿಲ್ಲ. ಮೊಬೈಲ್ ತೆಗೆದು, ಅಂಕಿ ಅಂಕಿಗೂ ಬೆರಳಿಟ್ಟು ನೋಡುತ್ತಲೇ ಇದ್ದರು. ಹಿಟ್ಟಕ್ಕ ಅದನ್ನು ಗಮನಿಸಿ ಓದು ಇನ್ನಷ್ಟು ನಿಧಾನ ಮಾಡಿದರು. ಮುಗಿದಾಗ ಮೇಷ್ಟ್ರು, "ಒಂದೂ ತಪ್ಪಿಲ್ಲ," ಎಂದರು, ಸ್ವಲ್ಪ ಬೇಸರದಲ್ಲೇ.

ಹಿಟ್ಟಕ್ಕ ಈಗಲೂ ಅದೇ ಬೇಕರಿ ನಡೆಸುತ್ತಾರೆ. ಪ್ರತಿ ಶನಿವಾರ ಮಧ್ಯಾಹ್ನ ಬಂದು ಒಂದು ಪುಸ್ತಕ ಒಯ್ಯುತ್ತಾರೆ. ಒಯ್ಯುವ ಮೊದಲು ನನ್ನೆದುರೇ ನಿಂತು ಪುಟಗಳನ್ನೆಲ್ಲ ಎಣಿಸುತ್ತಾರೆ.