ದೊಡ್ಡಣ್ಣನ ಮೇಲೆ ಬಂದ ಕೆಂಪು ಪಟ್ಟೆ

ನನ್ನ ತಂಗಿಯ ಮಗಳನ್ನು ಮನೆಯಲ್ಲಿಯೂ ಕಚೇರಿಯಲ್ಲಿಯೂ ಸಿಡುಕಿ ಎಂದೇ ಕರೆಯುತ್ತಾರೆ. ಎಂಟನೆಯ ತರಗತಿಯಲ್ಲಿ ಅವಳು ನನ್ನ ವಿದ್ಯಾರ್ಥಿನಿಯಾಗಿದ್ದಾಗ, ನಾನು ಎರಡು ಉತ್ತರಪತ್ರಿಕೆಗಳನ್ನು ಅದಲುಬದಲು ಮಾಡಿ ಅವಳಿಗೆ ಹನ್ನೊಂದು ಅಂಕ ಹೆಚ್ಚಿಗೆ ಕೊಟ್ಟುಬಿಟ್ಟೆ. ಎದ್ದು ನಿಂತವಳೇ, "ಇದು ನನ್ನದಲ್ಲ ಸಾರ್, ಅವಳದು" ಎಂದು ಮೇಜು ಕುಟ್ಟಿದಳು. ಮೇಜು ಕುಟ್ಟಿದ್ದಕ್ಕೆ ಬೈದೆ, ಅಂಕವನ್ನೂ ತಿದ್ದಿದೆ.

ಈಗ ಅವಳಿಗೆ ಮೂವತ್ತನಾಲ್ಕು. ದೂರದ ಬಸ್ಸುಗಳಿಗೆ ಸೀಟು ಕಾದಿರಿಸುವ ಪ್ರೋಗ್ರಾಂ ಬರೆಯುವ ಕಂಪನಿಯೊಂದರ ಮೂರನೆಯ ಮಹಡಿಯಲ್ಲಿ ಕೆಲಸ. ಆ ಪ್ರೋಗ್ರಾಂ ಎಲ್ಲೆಲ್ಲಿ ಹೊತ್ತು ಕಳೆಯುತ್ತದೆ ಎಂದು ಅಳೆಯುವ ಸಾಧನಕ್ಕೆ ಪ್ರೊಫೈಲರ್ ಎನ್ನುತ್ತಾರೆ. ಅದು ಅವಳ ಹೊಣೆ. ಅದು ಸೆಕೆಂಡಿಗೆ ನೂರು ಸಲ ಇಣುಕಿ, ಯಂತ್ರವು ಆ ಕ್ಷಣ ಮೆಮೊರಿಯ ಯಾವ ಜಾಗದ ಕೋಡನ್ನು ಓಡಿಸುತ್ತಿದೆ ಎಂದು ಗುರುತು ಹಾಕಿಕೊಳ್ಳುತ್ತದೆ. ಸಿಗುವುದು ಜಾಗದ ಸಂಖ್ಯೆ ಮಾತ್ರ. ಅಲ್ಲಿರುವುದು ಯಾರು ಬರೆದ ಯಾವ ಭಾಗ ಎಂಬುದನ್ನು ಬೇರೊಂದು ಪಟ್ಟಿ ನೋಡಿ ಹಚ್ಚಬೇಕು.

ಎಡವಟ್ಟಾದದ್ದು ಅಲ್ಲಿಯೇ. ಇವರ ಪ್ರೋಗ್ರಾಂ ಓಡುತ್ತಿರುವಾಗಲೇ, ಪದೇ ಪದೇ ಬೇಕಾಗುವ ಭಾಗಗಳನ್ನು ಯಂತ್ರದ ಭಾಷೆಗೆ ಅನುವಾದಿಸಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಒಂದು ಅನುವಾದ ಬೇಡವಾದರೆ ಅದನ್ನು ಅಳಿಸಿ, ಅದೇ ಜಾಗದಲ್ಲಿ ಬೇರೆಯದನ್ನು ಕೂರಿಸುತ್ತದೆ. ಬಾಡಿಗೆ ಮನೆಯ ಹಾಗೆ. ಜನ ಬದಲಾದರೂ ಬಾಗಿಲ ಸಂಖ್ಯೆ ಬದಲಾಗುವುದಿಲ್ಲ. ಸಿಡುಕಿ ಹೆಸರುಗಳ ಪಟ್ಟಿಯನ್ನೇನೋ ಸಿದ್ಧಪಡಿಸಿದ್ದಳು. ಆದರೆ ಯಾರು ಯಾವಾಗ ಬಂದರು, ಯಾವಾಗ ಖಾಲಿ ಮಾಡಿದರು ಎಂಬುದನ್ನು ಅದರಲ್ಲಿ ಬರೆಸಿರಲಿಲ್ಲ. ಮೊದಲು ಬಂದವರ ಹೆಸರೇ ದಿನವಿಡೀ ಉಳಿಯುತ್ತಿತ್ತು.

ಒಂದು ಗುರುವಾರ ಆ ಸಾಧನ ಬಿಡಿಸಿದ ಚಿತ್ರದಲ್ಲಿ ಉದ್ದನೆಯ ಕೆಂಪು ಪಟ್ಟೆಯೊಂದು ಕಾಣಿಸಿತು. ನೂರರಲ್ಲಿ ಮೂವತ್ತೆಂಟು ಪಾಲು ಹೊತ್ತನ್ನು ತಿನ್ನುತ್ತಿರುವುದು ಸೀಟು ಹಂಚುವ ಭಾಗ ಎಂದು ಅದರ ಅರ್ಥ. ಆ ಭಾಗವನ್ನು ಬರೆದವರು ಕಚೇರಿಯಲ್ಲೆಲ್ಲ ಹಿರಿಯರು, ಎಲ್ಲರ ಬಾಯಲ್ಲಿ ದೊಡ್ಡಣ್ಣ. ಮ್ಯಾನೇಜರು ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಕೆಂಪು ಪಟ್ಟೆಯ ಮೇಲೆ ದೊಡ್ಡಣ್ಣನ ಹೆಸರು ಬರೆದು, ಲಿಫ್ಟಿನ ಎದುರಿನ ಗಾಜಿನ ಗೋಡೆಗೆ ಅಂಟಿಸಿದರು.

"ಇಪ್ಪತ್ತು ವರ್ಷದ ಅನುಭವ ಅಂದ್ರೆ ಇದೇ ನೋಡಿ! ಸೋಮವಾರದಿಂದ ದೊಡ್ಡಣ್ಣ ದೂರು ವಿಭಾಗದಲ್ಲಿ ಫೋನ್ ಎತ್ಕೊಂಡಿರ್ಲಿ."

"ನನ್ನ ಕೋಡ್ ಬೆಳಿಗ್ಗೆ ಹತ್ತು ನಿಮಿಷ ಓಡಿದ್ರೆ ಹೆಚ್ಚು" ಎಂದರು ದೊಡ್ಡಣ್ಣ. "ಆಮೇಲೆ ಅದರ ಸುದ್ದೀನೇ ಇರಲ್ಲ."

"ಹಾಗಾದ್ರೆ ಚಿತ್ರ ಸುಳ್ಳು ಹೇಳುತ್ತಾ?"

ಎಲ್ಲರೂ ಸಿಡುಕಿಯ ಮುಖ ನೋಡಿದರು. "ಅಳತೆ ಸರಿಯಾಗೇ ಇದೆ" ಎಂದುಬಿಟ್ಟಳು.

ಅಂದು ಸಂಜೆ ಕೂತು, ಮಧ್ಯಾಹ್ನದ ಗುರುತುಗಳನ್ನಷ್ಟೇ ಬೇರ್ಪಡಿಸಿ ನೋಡಿದಳು. ಆಗಲೂ ಅದೇ ಪಟ್ಟೆ, ಅದೇ ಹೆಸರು. ಆದರೆ ಮಧ್ಯಾಹ್ನಕ್ಕೆ ಮೊದಲೇ ದೊಡ್ಡಣ್ಣನ ಭಾಗದ ಅನುವಾದವೇ ಅಳಿಸಿಹೋಗಿತ್ತು! ಖಾಲಿ ಮಾಡಿ ಹೋದವರ ತಲೆಗೆ ಆಮೇಲೆ ಬಂದವರ ಗಲಾಟೆಯನ್ನು ಕಟ್ಟಿದ್ದಳು ಅವಳು.

ಮ್ಯಾನೇಜರ ಬಳಿಗೆ ಓಡಿದಳು. ಅವರು ಆಗಲೇ ಚೀಲ ಹೆಗಲಿಗೆ ಹಾಕಿಕೊಂಡಿದ್ದರು. "ಸೋಮವಾರ ಹತ್ತು ಗಂಟೆಯೊಳಗೆ ಸಾಕ್ಷಿ ತಾ. ಇಲ್ದಿದ್ರೆ ಹೇಳಿದ್ದು ಹೇಳಿದ ಹಾಗೆ."

ಶುಕ್ರವಾರ ಬೆಳಿಗ್ಗೆ ನಾನು ತಂಗಿಯ ಮನೆಯಲ್ಲಿದ್ದೆ. ಸಿಡುಕಿ ತಿಂಡಿಯ ತಟ್ಟೆಯನ್ನು ಕುಕ್ಕಿದ ಸದ್ದಿಗೆ ಅವಳ ಅಮ್ಮ ಒಳಗಿನಿಂದ ಕೂಗಿದಳು.

"ಆ ತಟ್ಟೆ ನಿನ್ನ ಮ್ಯಾನೇಜರಲ್ಲ ಕಣೇ! ನಿಧಾನಕ್ಕಿಡು."

"ಅವನ ಮೇಲಲ್ಲಮ್ಮ, ನನ್ನ ಮೇಲೇ ಕೋಪ. ಮಾಮ, ಇನ್ನೊಮ್ಮೆ ನೋಡಿ ಹೇಳ್ತೀನಿ ಅಂದಿದ್ರೆ ನಿನ್ನೆ ನನ್ನ ಗಂಟೇನು ಹೋಗ್ತಿತ್ತು? ಒಬ್ಬರ ಅನ್ನಕ್ಕೆ ಕಲ್ಲು ಹಾಕಿ ಬಂದೆನಲ್ಲ!"

ನನ್ನ ಉತ್ತರಕ್ಕೆ ಕಾಯದೆ ಚೀಲ ಎತ್ತಿಕೊಂಡು ಕಚೇರಿಗೆ ಹೊರಟಳು.

ಶುಕ್ರವಾರ, ಶನಿವಾರ ಎರಡೂ ದಿನ ಕೂತಳು. ಪಟ್ಟಿಯ ಪ್ರತಿ ಹೆಸರಿನ ಮುಂದೆ ಬಂದ ಹೊತ್ತು, ಹೋದ ಹೊತ್ತು. ಸಾಧನ ಇಣುಕಿದ ಪ್ರತಿ ಗುರುತಿನ ಮುಂದೆ ಇಣುಕಿದ ಹೊತ್ತು. ಎರಡನ್ನೂ ತಾಳೆ ಹಾಕಿದರೆ ತಲೆಬುಡವಿಲ್ಲದ ಚಿತ್ರ ಬಂತು. ನೋಡಿದರೆ ಪ್ರೋಗ್ರಾಂ ಒಂದು ಗಡಿಯಾರ ನೋಡಿ ಬರೆಯುತ್ತಿತ್ತು, ಸಾಧನ ಇನ್ನೊಂದನ್ನು. "ಇವಕ್ಕೂ ನನ್ನ ಮೇಲೇ ಹಗೆ" ಎಂದು ಬೈದುಕೊಂಡೇ ಎರಡಕ್ಕೂ ಒಂದೇ ಗಡಿಯಾರ ತೋರಿಸಿದಳು. ಆಗ ಪಟ್ಟೆ ನಿಜವಾದ ಹೆಸರು ಹೇಳಿತು: ಟಿಕೆಟ್ ಮುದ್ರಿಸುವ ಭಾಗ. ಹೋದ ತಿಂಗಳು ಮ್ಯಾನೇಜರೇ ಹೊರಗಿನಿಂದ ತರಿಸಿ ಸೇರಿಸಿದ್ದು.

ಸೋಮವಾರ ಅದನ್ನು ಕಂಡ ಮ್ಯಾನೇಜರು ಬಾಗಿಲು ಹಾಕಿದರು. "ಒಳ್ಳೇದು. ಹಳೇದು ಕಿತ್ತು ಹೊಸದು ಅಂಟಿಸು. ದೊಡ್ಡಣ್ಣಂಗೆ ನಾನು ಹೇಳ್ಕೊಳ್ತೀನಿ."

"ಏನಂತ ಹೇಳ್ತೀರಿ?"

"ಏನೋ ಒಂದು. ನಿನಗ್ಯಾಕೆ?"

"ನಾಲ್ಕು ದಿನ ಅವರ ಹೆಸರು ಗೋಡೆ ಮೇಲಿತ್ತು ಸಾರ್. ಲಿಫ್ಟಿಂದ ಇಳಿದೋರೆಲ್ಲ ಓದಿದ್ರು, ನೀರು ತುಂಬೋನೂ ಓದ್ದ. ಈಗ ಕಳ್ಳರ ಹಾಗೆ ಕಿತ್ತರೆ ಆಗೋಯ್ತಾ?"

"ಕೂಗಾಡ್ಬೇಡ."

"ಕೂಗ್ತೀನಿ!"

ಬಾಗಿಲು ತೆರೆದು ನೇರ ಸಭೆಯ ಕೋಣೆಗೆ ಹೋದಳು. ಹದಿನಾಲ್ಕು ಜನರ ಮುಂದೆ ಎರಡೂ ಚಿತ್ರಗಳನ್ನು ಹರಡಿದಳು. "ಆತುರ ಸಾರ್‌ದು, ತಪ್ಪು ನನ್ನದು. ದೊಡ್ಡಣ್ಣಂದು ಏನೂ ಇಲ್ಲ" ಎಂದಳು. ಹಿಂದೆಯೇ ಬಂದ ಮ್ಯಾನೇಜರ ಮುಖ ಹುಳ್ಳಗಾಯಿತು. ಮಧ್ಯಾಹ್ನದೊಳಗೆ ವರ್ಗದ ಆದೇಶ ರದ್ದಾಯಿತು. ಕ್ಷಮಿಸಿ ಎಂಬ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ.

ದೊಡ್ಡಣ್ಣ ಆಗಲೇ ಮೇಜಿನ ಸಾಮಾನನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿದ್ದರು. ಸಿಡುಕಿ ಪಕ್ಕದಲ್ಲಿ ನಿಂತಳು.

"ತಪ್ಪಾಯ್ತು ಅಣ್ಣ."

"ಅಳತೆ ಸರಿಯಾಗೇ ಇದೆ ಅಂದ್ಯಲ್ಲ, ಪರೀಕ್ಷೆ ಮಾಡಿ ಅಂದ್ಯಾ?"

"ಇಲ್ಲ."

"ಸುಮ್ನೆ ಅಂದ್ಯಾ?"

"ಹೌದು."

"ಹೊಟ್ಟೆಕಿಚ್ಚಿಗೆ ಅಂದಿದ್ರೂ ಸಹಿಸ್ತಿದ್ದೆ ಕಣಮ್ಮ." ಪೆಟ್ಟಿಗೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಕುರ್ಚಿಯೊಂದನ್ನು ಎಳೆದರು. "ಕೂತ್ಕೋ. ನಿನ್ನ ಸಾಧನ ಮೊದಲಿಂದ ಕೊನೆವರೆಗೂ ತೋರಿಸು. ನನಗೆ ನಂಬಿಕೆ ಬರೋವರೆಗೂ ಏಳೋ ಹಾಗಿಲ್ಲ."

ಊಟದ ಹೊತ್ತು ಮೀರಿದರೂ ಅವರು ಬಿಡಲಿಲ್ಲವಂತೆ. ಇನ್ನೂ ಮೂರು ಕಡೆ ತಪ್ಪು ಹಿಡಿದು, ಮೂರಕ್ಕೂ ಬೇರೆ ಬೇರೆಯಾಗಿ ಬೈದರಂತೆ.

"ಮೂರನೇದು ತಪ್ಪೇ ಅಲ್ಲ ಮಾಮ" ಎಂದು ಅವಳು ನನ್ನ ಮುಂದೆ ಸಿಡುಕಿದಳು. "ನಾಳೆ ಅವರ ಜೊತೆ ಜಗಳ ಇದೆ."