ಮೂರನೆಯ ಒದೆ

ನಾನು ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಬಂತಂತೆ. ಗುಬ್ಬಿಯ ನಮ್ಮ ಬೀದಿಯಲ್ಲಿ ಆ ಸುದ್ದಿ ನನಗಿಂತ ಮೊದಲು ಮನೆಯಿಂದ ಹೊರಗೆ ಹೋಯಿತು ಎಂದು ಅಮ್ಮ ಹೇಳುತ್ತಿದ್ದಳು. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ. ಹೀಗಾಗಿ ನಾಲ್ಕು ವರ್ಷದವಳಾಗಿದ್ದಾಗಿನಿಂದ ನಾನು ದೊಡ್ಡವರ ಬೆನ್ನಿಗೆ ಒದ್ದುಕೊಂಡೇ ಬಂದಿದ್ದೇನೆ. ಮದುವೆಯಾಗಿ ತುಮಕೂರಿಗೆ ಬಂದ ಮೇಲೂ ತಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ಕಾಫಿಗೆ ಹಾಲಿಡುವ ಹೊತ್ತಿಗೆ ಗೇಟಿನ ಹತ್ತಿರ ಯಾರಾದರೊಬ್ಬರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿರುತ್ತಾರೆ. ಅವರು ಪೂರ್ವಕ್ಕೆ ಮುಖ ಮಾಡಿ ಬಾಗಿಲ ಚೌಕಟ್ಟು ಹಿಡಿದುಕೊಳ್ಳಬೇಕು. ನಾನು ಎಡಗಾಲಿನಲ್ಲಿ ಮೂರು ಸಲ ಒದೆಯಬೇಕು. ಒದೆ ಅಂದರೆ ಒದೆಯಲ್ಲ, ಹಿಮ್ಮಡಿ ಮುಟ್ಟಿಸುವುದು, ಅಷ್ಟೆ. ಹಿರಿಯರಾಗಿದ್ದರೆ ಆಮೇಲೆ ಅವರ ಕಾಲಿಗೆ ಬೀಳುತ್ತೇನೆ.

ನಮ್ಮ ಮನೆಯವರಿಗೆ ಇದೊಂದು ತಮಾಷೆ. “ಊರೋರೆಲ್ಲ ನನ್ ಹೆಂಡ್ತಿ ಹತ್ರ ಒದೆ ತಿಂದೋದ್ರು, ನಾನೊಬ್ನೇ ಬಾಕಿ” ಎಂದು ಬಂದವರ ಎದುರೇ ಹೇಳುತ್ತಿದ್ದರು.

ಅವರಿಗೆ ನಲವತ್ತೇಳು. ಮೂವತ್ತು ವರ್ಷದಿಂದ ಬಾಸ್ಕೆಟ್‌ಬಾಲ್ ಆಡುತ್ತಿದ್ದರು. ಸೀಸನ್ ಶುರುವಾದದ್ದು ನನಗೆ ಗೊತ್ತಾಗುತ್ತಿದ್ದದ್ದು ಬಟ್ಟೆಯ ಬಕೆಟ್ಟಿನಿಂದ: ಬೆವರು ಕುಡಿದು ಗಟ್ಟಿಯಾದ ಬನಿಯನ್ನು, ನೋವಿನ ಸ್ಪ್ರೇ ವಾಸನೆಯ ನೀಕ್ಯಾಪು, ಆಗಾಗ ರಕ್ತದ ಕಲೆ. ರಕ್ತಕ್ಕೆ ತಣ್ಣೀರೇ ಆಗಬೇಕು, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ. ನಾನು ಅದನ್ನು ಕೈಯಾಟ ಅಂದುಕೊಂಡಿದ್ದೆ. ರಿಂಗಿನ ಕೆಳಗೆ ಅದು ಮೊಣಕೈಯಾಟ. ಇವರ ಮೂಗು ಎರಡು ಸಲ ಒಡೆದಿದೆ, ಒಂದು ಕಿರುಬೆರಳು ಸೊಟ್ಟಗೇ ಉಳಿದಿದೆ. ಇವರು ಬೇರೆಯವರಿಗೆ ಕೊಟ್ಟದ್ದೂ ಕಡಿಮೆಯಿಲ್ಲ.

ಆ ವರ್ಷ ಶುರುವಿನಲ್ಲೇ ಹೇಳಿದ್ದರು. “ಇದೊಂದು ಸೀಸನ್ ಕಣೇ. ಆಮೇಲೆ ಆ ಶೂ ಯಾರಿಗಾದ್ರೂ ಕೊಟ್ಬುಡು.” ಕೊನೆಯ ಪಂದ್ಯ ಗುಬ್ಬಿಯಲ್ಲಿ ಎಂದು ಗೊತ್ತಾದ ಮೇಲಂತೂ ಅದೇ ಮಾತು. “ನಿಮ್ಮಣ್ಣಂದ್ರು ಮುಂದ್ಗಡೆ ಕೂತ್ಕಂಡು ನೋಡ್ಲಿ. ಇವ್ನು ಆಟ ಆಟ ಅಂತ ಯಾಕೆ ಸಾಯ್ತಿದ್ದ ಅಂತ ಒಂದ್ಸಲ ಗೊತ್ತಾಗ್ಲಿ.”

ಮೊದಲ ಪೆಟ್ಟು ಬಿದ್ದದ್ದು ಕುಣಿಗಲ್ಲಿನ ಪಂದ್ಯದಲ್ಲಿ. ಎದುರಿನ ಕುಣಿಗಲ್ ತಂಡದಲ್ಲಿ ಇವರನ್ನು ತಡೆಯಲು ನಿಂತವನು ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವವನು. ಮೂವತ್ತೈದರ ಆಸುಪಾಸು, ಒರಳುಕಲ್ಲಿನಂಥ ಕತ್ತು. ನಾನು ಫ್ಲಾಸ್ಕ್ ಹಿಡಿದು ಗೆರೆಯ ಪಕ್ಕದಲ್ಲೇ ಕೂತಿದ್ದರಿಂದ ಎಲ್ಲ ಕೇಳಿಸುತ್ತಿತ್ತು.

“ತಾತ, ಮನೇಗೋಗಿ ಮುದ್ದೆ ಉಂಡು ಮಲಿಕ್ಕೋ.”

“ನಿಮ್ಮಪ್ಪನ ಜೊತೆನೂ ಆಡಿದೀನಿ ಕಣ್ಲಾ. ಅವ್ನೂ ಹಿಂಗೇ ಬೊಗಳ್ತಿದ್ದ.”

ಹೇಳಿದವರು ತಿರುಗುವ ನೆಪದಲ್ಲಿ ಮೊಣಕೈ ಬೀಸಿದರು. ಅವನ ತುಟಿ ಸೀಳಿತು. ರೆಫರಿ ನೋಡಲಿಲ್ಲ, ನಾನು ನೋಡಿದೆ. ಅವನು ರಕ್ತ ಉಗುಳಿ ನಕ್ಕ. ಎರಡು ನಿಮಿಷವೂ ಆಗಿರಲಿಲ್ಲ, ಇವರು ಚೆಂಡಿಗೆ ಹಾರಿದಾಗ ಅವನು ಭುಜದಿಂದ ಇವರ ಪಕ್ಕೆಲುಬಿಗೆ ಗುದ್ದಿದ. ಇವರು ಒಂಟಿಕಾಲಿನ ಮೇಲೆ ಇಳಿದರು. ಅವನ ಮೈಯೆಲ್ಲ ಆ ಮೊಣಕಾಲಿನ ಮೇಲೆ ಬಿತ್ತು.

ಆಮೇಲೆ ಆಟ ಉಳಿಯಲಿಲ್ಲ. ನಮ್ಮವರು ಅವನ ಬನಿಯನ್ನು ಹಿಡಿದು ಎಳೆದರು, ಅವನ ಕಡೆಯವರು ಪ್ಲಾಸ್ಟಿಕ್ ಕುರ್ಚಿ ಎತ್ತಿದರು, ಯಾರೋ ಸ್ಟೀಲಿನ ನೀರಿನ ಬಾಟಲಿಯಿಂದ ಯಾರದೋ ತಲೆಗೆ ಹೊಡೆದರು. ಸಿಮೆಂಟಿನ ನೆಲದ ಮೇಲೆ ರಕ್ತ ಹನಿಹನಿಯಾಗಿ ಬಿದ್ದು ಬಿಸಿಲಿಗೆ ಆಗಲೇ ಒಣಗುತ್ತಿತ್ತು. ನೋವಿನಲ್ಲಿರುವ ಮನುಷ್ಯ “ಬಿಡ್ರೋ” ಅನ್ನಬಹುದು ಅಂದುಕೊಂಡೆ. ಇವರು ಮೊಣಕಾಲು ಹಿಡಿದುಕೊಂಡು ಕೂತಲ್ಲಿಂದಲೇ “ಹಾಕ್ರೋ ಅವ್ನಿಗೆ!” ಎಂದು ಕಿರುಚುತ್ತಿದ್ದರು.

ತುಮಕೂರಿನಲ್ಲಿ ಸ್ಕ್ಯಾನ್ ಮಾಡಿಸಿದೆವು. ಮೊಣಕಾಲಿನ ಒಳಬದಿಯ ಲಿಗಮೆಂಟು ಅರ್ಧ ಹರಿದಿದೆ ಎಂದರು ಡಾಕ್ಟರು. “ಆರು ವಾರ ಕಾಲಿನ ಈ ಬೆಲ್ಟು ಬಿಚ್ಚಬೇಡಿ. ಹೇಳ್ದಂಗೆ ಕೇಳಿದ್ರೆ ಕೊನೇ ಮ್ಯಾಚಿಗೆ ನೋಡೋಣ.” ಗುಬ್ಬಿಯ ಪಂದ್ಯಕ್ಕೆ ಇನ್ನೂ ಎಂಟು ವಾರವಿತ್ತು. ದಾರಿಯುದ್ದಕ್ಕೂ ಇವರು ಆಟೋದಲ್ಲಿ ಬೆರಳು ಮಡಿಸಿ ವಾರ ಎಣಿಸಿದರು.

ಓಡುವ ಮನುಷ್ಯನನ್ನು ಮನೆಯಲ್ಲಿ ಕೂರಿಸುವುದು ಎಂದರೇನು ಎಂದು ಆಗ ತಿಳಿಯಿತು. ಮೊದಲ ವಾರ ಟಿವಿಯ ರಿಮೋಟು ಒಡೆಯಿತು. ಎರಡನೆಯ ವಾರ ಕಾಫಿ ತಣ್ಣಗಿದೆ ಎಂದು ಲೋಟ ನನ್ನ ಕಿವಿಯ ಪಕ್ಕದಿಂದ ಹಾದು ಸಿಂಕಿಗೆ ಬಿತ್ತು. ಮೂರನೆಯ ವಾರ, ಶನಿವಾರ ರಾತ್ರಿಯ ಊಟದಲ್ಲಿ ಉಪ್ಪು ಹೆಚ್ಚಾಯಿತೆಂದು ತಟ್ಟೆಯನ್ನೇ ಗೋಡೆಗೆ ಎಸೆದರು. ಬಾಗಿಲ ಪಕ್ಕದ ಸುಣ್ಣದ ಗೋಡೆಯನ್ನು ಎಷ್ಟು ಒರೆಸಿದರೂ ಸಾರಿನ ಅರಿಶಿನ ಹೋಗಲಿಲ್ಲ.

ಅಮೃತೂರಿನಿಂದ ಅತ್ತೆಯ ಫೋನು ದಿನಾ ಬರುತ್ತಿತ್ತು. “ಮನೇಲೇ ಅಂಥಾ ಕಾಲು ಮಡಿಕ್ಕಂಡು ಆಸ್ಪತ್ರೆಗ್ಯಾಕಪ್ಪ ಅಲೀತೀಯ? ಅವ್ಳ ಕೈಲಿ ಮೂರು ಒದೆಸ್ಕೋ.”

“ಅದು ಸೊಂಟಕ್ಕೆ ಮಾತ್ರ ಅತ್ತೆ, ಮೊಣಕಾಲಿಗಲ್ಲ” ಎಂದು ನಾನು ಒಲೆಯ ಮುಂದಿನಿಂದಲೇ, ಸ್ಪೀಕರಿನಲ್ಲಿದ್ದ ಫೋನಿಗೆ ಕೇಳುವಂತೆ ಕೂಗುತ್ತಿದ್ದೆ.

ತಟ್ಟೆ ಎಸೆದ ಮರುದಿನ ಭಾನುವಾರ. ಹುತ್ರಿದುರ್ಗದ ಕಡೆಯ ಒಬ್ಬ ಹಿರಿಯರು ಬಿಲ್ಲಿನಂತೆ ಬಾಗಿಕೊಂಡು ಬಂದರು. ಮೂರು ಸಲ ಹಿಮ್ಮಡಿ ಮುಟ್ಟಿಸಿದೆ. ಹೇಗೋ ಏನೋ, ನೆಟ್ಟಗೆ ನಿಂತರು, ತೆಂಗಿನಕಾಯಿ ಕೊಟ್ಟು ನಡೆದುಕೊಂಡು ಹೋದರು. ಇವರು ಕುರ್ಚಿಯಿಂದ ಅದನ್ನೆಲ್ಲ ನೋಡಿದರು. ಗೇಟು ಮುಚ್ಚಿಕೊಂಡ ಕೂಡಲೇ ಬೆಲ್ಟಿನ ಪಟ್ಟಿಗಳನ್ನು ಪರಪರ ಎಳೆದರು.

“ಏನ್ ರೀ ಮಾಡ್ತಿದೀರ?”

“ಊರೋರಿಗೆಲ್ಲ ಆಗುತ್ತೆ, ಕಟ್ಕಂಡೋನಿಗೆ ಆಗಲ್ವಾ? ಬಾ.”

“ಡಾಕ್ಟ್ರು ಏನಂದ್ರು?”

“ಡಾಕ್ಟ್ರೇನು ಕಾಲು ಮುಂದಾಗಿ ಹುಟ್ಟಿದ್ನಾ? ಬಾರೇ!”

ಚೌಕಟ್ಟು ಹಿಡಿದು, ಭಾರವನ್ನೆಲ್ಲ ಆ ಕಾಲಿನ ಮೇಲೇ ಬಿಟ್ಟು ನಿಂತರು. ನಾನು ಹೊರಬದಿಯಿಂದ ಮೊಣಕಾಲಿಗೆ ಹಿಮ್ಮಡಿ ಮುಟ್ಟಿಸಿದೆ. ಒಂದು. ಎರಡು.

“ಏನೇ ಇದು, ಸೊಳ್ಳೆ ಕೂತಂಗೆ! ಒದಿಯೇ ಸರಿಯಾಗಿ. ನಿಮ್ಮಪ್ಪನ ಮನೇಲಿ ಅನ್ನ ಹಾಕಿರ್ಲಿಲ್ವಾ?”

ಅವರ ತಲೆಯ ಪಕ್ಕದಲ್ಲೇ ಗೋಡೆಯ ಮೇಲೆ ಆ ಹಳದಿ ಕಲೆಯಿತ್ತು. ನನ್ನ ಕಣ್ಣು ಅದರ ಮೇಲಿತ್ತು. ಮೂರನೆಯದನ್ನು ಒದ್ದೆ. ಅದರಲ್ಲಿ ವಾಸಿ ಮಾಡುವ ಮನಸ್ಸು ಇರಲಿಲ್ಲ. ಇದನ್ನು ಬರೆಯುವುದಕ್ಕೆ ನನಗೆ ಇಷ್ಟು ದಿನ ಬೇಕಾಯಿತು.

ಹಸಿ ಹುರುಳಿಕಾಯಿ ಮುರಿದಂಥ ಸದ್ದು. ಮೊಣಕಾಲು ಒಳಕ್ಕೆ, ಬಾಗಬಾರದ ಕಡೆಗೆ, ಬಾಗಿತು. ಅವರು ಜಾರಿದಾಗ ಉಗುರುಗಳು ಚೌಕಟ್ಟಿನ ಬಣ್ಣವನ್ನು ಉದ್ದಕ್ಕೂ ಕೆರೆದುಕೊಂಡು ಬಂದವು. ಆ ಕಿರುಚಲಿಗೆ ಎದುರುಮನೆಯವರು ಓಡಿ ಬಂದರು.

“ಬಚ್ಚಲಲ್ಲಿ ಜಾರ್ದೆ” ಎಂದರು ಇವರು, ನಾನು ಬಾಯಿ ತೆರೆಯುವ ಮೊದಲೇ. ಡಾಕ್ಟರು ಹೊರಬದಿಯಲ್ಲಿ ಕಪ್ಪಾಗುತ್ತಿದ್ದ ಗುರುತನ್ನು ನೋಡಿದರು, ನನ್ನನ್ನೂ ನೋಡಿದರು. ಲಿಗಮೆಂಟು ಪೂರ್ತಿ ಹೋಗಿದೆ, ಆಪರೇಷನ್ ಆಗಬೇಕು ಎಂದರು. “ಈ ಸೀಸನ್ ಮರ್ತುಬಿಡಿ.” ಇವರು ಗೋಡೆಯ ಕಡೆ ತಿರುಗಿ ಮಲಗಿದರು.

ಬಚ್ಚಲ ಕಥೆಯನ್ನು ತಂಡದವರು ನಂಬಲಿಲ್ಲ. ಎಲ್ಲ ಆ ಕುಣಿಗಲ್ಲಿನವನದೇ ಕೆಲಸ, ಅಣ್ಣ ದೊಡ್ಡತನಕ್ಕೆ ಮುಚ್ಚಿಡುತ್ತಿದ್ದಾರೆ ಎಂದುಕೊಂಡರು. ಒಂದು ಸಂಜೆ ಇಬ್ಬರು ಮನೆಗೆ ಬಂದು, ನಾನು ಕೊಟ್ಟ ಚಿತ್ರಾನ್ನ ತಿನ್ನುತ್ತ ಹೇಳಿದರು.

“ಅವ್ನು ಶಿಫ್ಟ್ ಮುಗ್ಸಿ ಬರ್ತಿದ್ದ, ಅಕ್ಕ. ಬೈಕಿಂದ ಎಳ್ದಾಕಿ ತುಳಿದ್ವಿ. ಭುಜದ ಮೂಳೆ ಮುರೀತು. ಲೆಕ್ಕ ಸರಿಹೋಯ್ತು ಬುಡಿ.”

ನಾನು ಅವರಿಗೆ ಇನ್ನೊಂದು ಸೌಟು ಬಡಿಸಿದೆ. ಇವರು ತಲೆ ಎತ್ತದೆ ತಮ್ಮ ತಟ್ಟೆಯ ಚಿತ್ರಾನ್ನ ತಿನ್ನುತ್ತಿದ್ದರು. ಅವತ್ತು ಇಬ್ಬರೂ ಬಾಯಿ ಮುಚ್ಚಿಕೊಂಡೇ ಇದ್ದೆವು.

ಗುಬ್ಬಿಯ ಪಂದ್ಯಕ್ಕೆ ಹೋಗಲೇಬೇಕೆಂದು ಇವರು ಹಟ ಹಿಡಿದರು. ಜರ್ಸಿ ಹಾಕಿಕೊಂಡು, ಊರುಗೋಲು ಪಕ್ಕಕ್ಕಿಟ್ಟು, ಬೆಂಚಿನ ತುದಿಯಲ್ಲಿ ಕಾಲು ಚಾಚಿ ಕೂತರು. ನನ್ನ ಅಣ್ಣಂದಿರು ಮುಂದಿನ ಸಾಲಿನಲ್ಲೇ ಇದ್ದರು. ನೋಡಲು ಅವರಿಗೆ ಸಿಕ್ಕಿದ್ದು ಆ ಚಾಚಿದ ಕಾಲು ಮಾತ್ರ. ಎದುರು ತಂಡ ಕುಣಿಗಲ್ಲಿನದೇ. ಅವನು ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಂದಿದ್ದ. ನೇರ ನಮ್ಮ ಬೆಂಚಿಗೇ ಬಂದ. ನಮ್ಮವರು ಎದ್ದು ನಿಂತರು.

“ಕೂತ್ಕಳ್ರಪ್ಪ, ಇನ್ನೊಂದು ಕೈನೂ ಮುರೀಬೇಡಿ” ಎಂದು ಇವರ ಕಡೆ ತಿರುಗಿದ. “ಅಣ್ಣ, ತಳ್ಳಿದ್ದು ಹೌದು. ಕಾಲು ಹೋಗ್ಲಿ ಅಂತ ತಳ್ಳಲಿಲ್ಲ. ನಿಮ್ ಸೀಸನ್ ನನ್ನಿಂದ ಹೋಯ್ತು.”

ನನಗೆ ತಡೆಯಲಾಗಲಿಲ್ಲ. “ನಿಮ್ಮಿಂದಲ್ಲ ಕಣಪ್ಪ. ಮುರಿದೋಳು ನಾನು. ಒದ್ದೆ.”

ಬೆಂಚೆಲ್ಲ ಗೊಳ್ಳೆಂದು ನಕ್ಕಿತು. “ಅಕ್ಕನ ಒದೆ ಅಂದ್ರೆ ಸುಮ್ನೇನಾ!” ಎಂದ ಒಬ್ಬ. ಇವರು ನಗಲಿಲ್ಲ.

“ನಿಜ ಕಣ್ರೋ” ಎಂದರು. “ಇವ್ಳೇ ಒದ್ದಿದ್ದು. ಬೆಲ್ಟ್ ಬಿಚ್ಚಿ ಒದಿ ಅಂದೋನು ನಾನು. ನೀವು ಸುಮ್ಸುಮ್ನೆ ಈ ಮನುಷ್ಯನ ಭುಜ ಮುರುದ್ರಿ. ನಾನು ಕೇಳ್ಕಂಡು ಚಿತ್ರಾನ್ನ ತಿಂತಾ ಕೂತಿದ್ದೆ.”

ಅವನನ್ನು ತುಳಿದಿದ್ದ ಇಬ್ಬರ ಮುಖ ಬಿಳುಪೇರಿತು. ರೆಫರಿ ಸೀಟಿ ಊದಿದ, ಆಡುವವರು ಒಬ್ಬೊಬ್ಬರಾಗಿ ಒಳಗೆ ಹೋದರು. ಇವರು ಊರುಗೋಲು ಸರಿಸಿ ಬೆಂಚಿನಲ್ಲಿ ಜಾಗ ಮಾಡಿದರು. ಅವನು ಕೂತ. ನಾನು ಫ್ಲಾಸ್ಕಿನ ಎರಡು ಮುಚ್ಚಳಗಳಿಗೂ ಕಾಫಿ ಬಗ್ಗಿಸಿ ಕೊಟ್ಟೆ.

“ಅಕ್ಕ, ಅಷ್ಟೊಳ್ಳೆ ಕಾಲಾದ್ರೆ ನನ್ ಭುಜಕ್ಕೂ ಒಂದು ಒದೆ ಕೊಡಿ” ಎಂದ ಅವನು, ಅದೇ ಕುಟುಕುವ ದನಿಯಲ್ಲಿ.

“ಬ್ಯಾಡ ಕಣ್ಲಾ” ಎಂದರು ಇವರು, ಕಣ್ಣನ್ನು ಚೆಂಡಿನಿಂದ ತೆಗೆಯದೆ. “ಮುಂದಿನ್ ವರ್ಷ ನೀನು ಆಡ್ಬೇಕು.”